ಇಲ್ಲದ ಹಲ್ಲಿಗೆ ಔಷಧ

ಬಾಂದಾ ವಾಡೊ, ಕುಡತರಿ, ಗೋವಾ
13 ಮಾರ್ಚ್ 1993, ಶನಿವಾರ ಮಧ್ಯಾಹ್ನ

ಪ್ರೀತಿಯ ಮಾಂಯ್,

ನಿನ್ನ ಮೊಣಕಾಲು ಹೇಗಿದೆ? ನಾವು ಕಳಿಸಿದ ನೋವಿನೆಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಆ ಮನೆಯ ಅಡುಗೆಯವಳಿಗೆ ಕೊಟ್ಟು ಪುಣ್ಯ ಕಟ್ಟಿಕೊಂಡೆಯೋ? ನಿನ್ನ ಮನೆಯೊಡೆಯರ ಅವಳಿ ರಾಜಕುಮಾರರು ಈಗಲಾದರೂ ತಮ್ಮ ಕೈಯಲ್ಲೇ ಊಟ ಮಾಡುತ್ತಾರಾ? ಅವರಿಗೆ ನಾಲ್ಕು ತುಂಬಿತು ಎಂದು ಬರೆದಿದ್ದೆ. ನಾಲ್ಕನೇ ವಯಸ್ಸಿಗೆ ನಾನು ಹೇಂಟೆಯೊಂದಕ್ಕೆ ಹೆಸರು ಸಮೇತ ಜ್ಞಾನಸ್ನಾನ ಮಾಡಿಸಿ ಪಾದ್ರಿಯವರ ಮುಂದೆ ಕಿವಿ ಹಿಡಿದು ನಿಂತವನು, ಆದ್ದರಿಂದ ಬಹ್ರೇನಿನ ಮಕ್ಕಳ ಬಗ್ಗೆ ನನಗೆ ಅಷ್ಟೇನೂ ಭರವಸೆಯಿಲ್ಲ.

ಇಲ್ಲಿ ನಾವೆಲ್ಲ ಬದುಕಿದ್ದೇವೆ. ಎಲ್ಲರೂ ಪತ್ರದ ಮೊದಲಲ್ಲಿ ಸುಮ್ಮನೆ ಗೀಚುವ ಸಾಲು ಇದು. ಈ ಸಲ ನಾನು ಎದ್ದು ಹೋಗಿ ಒಬ್ಬೊಬ್ಬರನ್ನೂ ನೋಡಿಬಂದು ಬರೆದಿದ್ದೇನೆ. ಎಸ್ಪೆರಾನ್ಸ್ ಆಕೈ ಹಿತ್ತಲಲ್ಲಿ ತನ್ನ ತಮ್ಮನಿಗೆ ಗಂಜಿ ಕಾಯಿಸುತ್ತಿದ್ದಾಳೆ. ಆ ತಮ್ಮ, ಅಂದರೆ ನಮ್ಮ ಪಾಯ್, ಮಂಚದ ಮೇಲೆ ಕೂತು ಗೋಡೆ ನೋಡುತ್ತಿದ್ದಾರೆ. ಎರಡು ವಾರದ ಹಿಂದೆ ಅವರು ಹೋಗಿಬಿಡುವುದರಲ್ಲಿದ್ದರು, ಹೋಗಲಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟೆ. ಮುಂದೆ ನನ್ನ ಬರವಣಿಗೆ ತನ್ನ ಚಾಳಿಯಂತೆ ಎಲ್ಲೆಲ್ಲೋ ಸುತ್ತುತ್ತದೆ, ನೀನು ಇಸ್ತ್ರಿ ಮಾಡುತ್ತಾ ಓದಿ ಯಜಮಾನಿಯ ರೇಷ್ಮೆ ಸುಡಬಾರದು. ಇಸ್ತ್ರಿ ಪೆಟ್ಟಿಗೆ ಆಚೆ ಇಡು. ಕೂತುಕೋ. ಶ್ರೀಮಾನ್ ಸೆವೆರಿನ್ ಅವರ ಅಧ್ಯಕ್ಷತೆಯ ಏಕಸದಸ್ಯ ತನಿಖಾ ಆಯೋಗವು ತನ್ನ ವರದಿಯನ್ನು ಮಹಾಮಾತೆಯವರಾದ ತಮ್ಮ ಪಾದಗಳಿಗೆ ಒಪ್ಪಿಸುತ್ತಿದೆ. ಆಯೋಗವೇ ಇದರಲ್ಲಿ ಮೊದಲನೆಯ ಆರೋಪಿ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಮೊದಲು ಕನ್ನಡಕದ ವಿಷಯ. ನಿನ್ನ ಗಂಡನೂ ನನ್ನ ತಂದೆಯೂ ಈ ವಾಡೆಯಲ್ಲಿ ಮದುವೆ ಸೂಟು ಹೊಲಿಯಬಲ್ಲ ಏಕೈಕ ದರ್ಜಿಯೂ ಆದ ಬೊನಿಫಾಸ್ ಅವರಿಗೆ ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ, ಕಣ್ಣು ಮಂಜು, ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡ ಸತ್ಯ. ನೀನು ಇದ್ದಾಗ ಚಹಾಕ್ಕೆ ನೀರಿಡುವ ಮೊದಲೇ ಹತ್ತು ಸೂಜಿಗೆ ದಾರ ಹಾಕಿ ಹತ್ತಿಯ ಉಂಡೆಗೆ ಚುಚ್ಚಿಡುತ್ತಿದ್ದೆ. ನೀನು ಹೋದಮೇಲೆ ಆ ಸೇವೆ ಆಕೈಗೆ ಬಂತು. ಅವಳು ಹತ್ತರಲ್ಲಿ ಮೂರಕ್ಕೆ ದಾರ ಹಾಕಿ ಉಳಿದ ಏಳಕ್ಕೆ ಶಾಪ ಹಾಕುತ್ತಾಳೆ. ಕೊನೆಗೆ ನೀನು ಅಲ್ಲಿಂದ ಚಿನ್ನದ ಬಣ್ಣದ ಕಟ್ಟಿನ ಕನ್ನಡಕ ಕಳಿಸಿದೆ. ಪಾಯ್ ಅದನ್ನು ಮೂಗಿನ ತುದಿಗೆ ಇಟ್ಟುಕೊಂಡು ಓಡಾಡಿದ್ದೇ ಓಡಾಡಿದ್ದು. ಜನವರಿಯಲ್ಲಿ ಒಂದು ಮಧ್ಯಾಹ್ನ, ನನ್ನ ಬೈಕಿನ ಚಕ್ರ ಪಂಕ್ಚರಾಗಿ ಜನರನ್ನು ಕೂರಿಸಿಕೊಂಡು ಬಾಡಿಗೆಗೆ ಹೋಗಲಾಗದೆ ಕೈ ತುರಿಸುತ್ತಿದ್ದ ಹೊತ್ತಿನಲ್ಲಿ, ನಾನು ಆ ಕನ್ನಡಕದ ಎರಡೂ ಗಾಜುಗಳನ್ನು ಮೆಲ್ಲಗೆ ಕಳಚಿ ಬರೀ ಕಟ್ಟನ್ನು ವಾಪಸ್ಸಿಟ್ಟೆ. ಅರ್ಧ ದಿನ ನಕ್ಕು, ಬೈಸಿಕೊಂಡು, ಗಾಜು ಹಾಕಿಕೊಡುವ ಯೋಜನೆ. ಮಾಂಯ್, ಅವರು ಹನ್ನೊಂದು ದಿನ ಆ ಗಾಜಿಲ್ಲದ ಕನ್ನಡಕ ಹಾಕಿಕೊಂಡು ಹೊಲಿದರು. ಒಂದು ದಿನ ಕಣ್ಣಿಗೆ ನುಸಿ ಬಿತ್ತು. ಕಟ್ಟಿನ ಒಳಗಿಂದಲೇ ಬೆರಳು ತೂರಿಸಿ ಕಣ್ಣು ಉಜ್ಜಿಕೊಂಡರು. ಆಗಲೂ ಗೊತ್ತಾಗಲಿಲ್ಲ. ನಾನು ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದರೆ, "ಏನೋ ಕಪಿ, ಹೊಟ್ಟೆನೋವಾ? ಕಷಾಯ ಕುಡಿ ಹೋಗು," ಎಂದರು.

ನನ್ನ ನಗು ನಾಲ್ಕನೇ ದಿನಕ್ಕೆ ಅರ್ಧ ಆಯಿತು. ಎಂಟು ಗಂಟೆಗೆ ಅವರು ಸೂಜಿ ಹಿಡಿದರೆ ದಾರದ ತುದಿ ಸೂಜಿಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೋಗುತ್ತಿತ್ತು, ನಡುವಿನ ತೂತಿಗೆ ಮಾತ್ರ ಹೋಗುತ್ತಿರಲಿಲ್ಲ. ಹತ್ತಕ್ಕೆ ಸ್ವಲ್ಪ ಮೊದಲು, "ಬಾವಿ ನೋಡ್ಕೊಂಡು ಬರ್ತೀನಿ," ಎಂದು ಹಿತ್ತಲಿಗೆ ಹೋಗುತ್ತಿದ್ದರು. ನಮ್ಮ ಬಾವಿ ಎಲ್ಲಿಗೂ ಓಡಿಹೋಗುವ ಜಾತಿಯದಲ್ಲ. ಆದರೂ ದಿನಾ ನೋಡಿ ಬರುತ್ತಿದ್ದರು. ಬರುವಾಗ ಬಾಯಲ್ಲಿ ಲವಂಗ. ಬಂದು ಕೂತು, ಸೂಜಿ ಎತ್ತಿ, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದೇ ಏಟಿಗೆ ಪೋಣಿಸುತ್ತಿದ್ದರು. ಎಂಟಕ್ಕೂ ಆ ಕನ್ನಡಕದಲ್ಲಿ ಗಾಜಿಲ್ಲ, ಹತ್ತಕ್ಕೂ ಇಲ್ಲ. ಹಾಗಾದರೆ ಆ ಎರಡು ಗಂಟೆಯಲ್ಲಿ ಸರಿಹೋದದ್ದು ಕಣ್ಣಲ್ಲ, ಕೈ. ನಾವು ಇಷ್ಟು ವರ್ಷ ನಡುಗುವ ಕೈಗೆ ಕನ್ನಡಕ ಹಾಕುತ್ತಿದ್ದೆವು, ಮಾಂಯ್.

ಆಯೋಗ ಅವಸರದ ತೀರ್ಮಾನಕ್ಕೆ ಬರಬಾರದಲ್ಲ, ಹೋಲಿಸಿ ನೋಡಲು ಇನ್ನೊಬ್ಬ ಬೇಕಿತ್ತು. ನಮ್ಮ ಊರಿನ ಅಧಿಕೃತ ಕುಡುಕ, ಬೆಬ್ದೊ, ಯಾರು? ಪಿಂತ್. ಹೆಂಡದಂಗಡಿ ತಾವೆರ್ನಾದ ಎದುರು ಚರಂಡಿಯಲ್ಲಿ ಬಿದ್ದು ಪೊರ್ತುಗೀಸ್ ಗವರ್ನರನಿಗೆ ಬೈಯುವವನು, ಮಕ್ಕಳು ಅಣಕಿಸುವವನು, "ನೋಡು, ಓದದಿದ್ರೆ ಪಿಂತ್ ಥರ ಆಗ್ತೀಯ," ಎಂದು ನೀನು ನನ್ನನ್ನು ಹೆದರಿಸುತ್ತಿದ್ದವನು. ಒಂದು ಬೆಳಿಗ್ಗೆ ಏಳೂವರೆಗೆ ಸೂಜಿ ದಾರ ಜೇಬಿಗೆ ಹಾಕಿಕೊಂಡು ಅವನ ಗುಡಿಸಲಿಗೆ ಹೋದೆ. ಬಲೆ ಹರಿದದ್ದನ್ನು ಸರಿಮಾಡುತ್ತಾ ಕೂತಿದ್ದ. "ಪಿಂತ್ ಮಾಮಾ, ಇದಕ್ಕೆ ದಾರ ಹಾಕಿಕೊಡು," ಎಂದೆ. "ಯಾಕ್ ಬಾಬ್, ನಿಮ್ಮಪ್ಪ ನನ್ನ ಕೆಲಸಕ್ಕೆ ಇಟ್ಕೊಳ್ತಾರಾ?" ಎಂದು ಕೇಳುತ್ತಲೇ, ಮಾತು ಮುಗಿಯುವಷ್ಟರಲ್ಲಿ ಪೋಣಿಸಿ ಕೊಟ್ಟ. "ಇನ್ನೊಂದಿದ್ರೆ ಅದೂ ಕೊಡು." ನಿನ್ನೆ ಕುಡಿದಿದ್ದೆಯಾ ಎಂದು ಕೇಳಿದೆ. "ನಿನ್ನೆ ಯಾರು ಕುಡಿಸಿದ್ರು? ಮೊನ್ನೆನೂ ಇಲ್ಲ. ಸಿಕ್ಕಿದ ದಿನ ಬೀಳ್ತೀನಿ, ಸಿಗದ ದಿನ ಬಲೆ ಹೆಣೀತೀನಿ. ನಿನ್ನ ಕೈಯಲ್ಲಿ ಏನಾದ್ರೂ ಇದೆಯಾ, ಇಲ್ಲ ಬರೀ ಸೂಜಿನಾ?" ಇಡೀ ಊರು ಕುಡುಕನೆನ್ನುವವನ ಕೈ ಬೆಳಿಗ್ಗೆ ಕಲ್ಲಿನ ಹಾಗೆ ನಿಂತಿತ್ತು. ಜೀವಮಾನದಲ್ಲಿ ಒಮ್ಮೆಯೂ ತೂರಾಡದ, ಮದುವೆ ಮನೆಯಲ್ಲಿ ಎಲ್ಲರೂ ಕುಸಿದ ಮೇಲೂ ಟೈ ಸಡಿಲಿಸದೆ ನೆಟ್ಟಗೆ ಕೂತಿರುವ, "ಬೊನಿಫಾಸ್ ಎಷ್ಟು ಹಾಕಿದ್ರೂ ಗಟ್ಟಿ ಗಂಡಸು," ಎಂದು ಹೊಗಳಿಸಿಕೊಳ್ಳುವ ನಮ್ಮ ಪಾಯ್ ಅವರ ಕೈ ಕುಣಿಯುತ್ತಿತ್ತು.

ಆಮೇಲೆ ನೋಡಿದಲ್ಲೆಲ್ಲ ಅದೇ ಕಾಣತೊಡಗಿತು. ಹತ್ತು ಗಂಟೆಗೆ ಮುಂಚೆ ಬೊನಿಫಾಸ್ ಹತ್ತಿರ ಅಳತೆ ಕೊಡಬೇಡಿ ಎಂದು ಚರ್ಚಿನ ಹಿಂದಿನ ಮನೆಯವರು ತಮ್ಮ ಮದುಮಗನಿಗೆ ಹೇಳುವುದನ್ನು ಕೇಳಿದೆ. ಪಕ್ಕದ ಮನೆಯವರಿಗೂ ಗೊತ್ತು, ಶಾಲೆಯ ಮೇಷ್ಟ್ರಿಗೂ ಗೊತ್ತು. ಯಾರೂ ಯಾಕೆಂದು ಕೇಳುವುದಿಲ್ಲ, ಗಡಿಯಾರ ನೋಡಿಕೊಂಡು ಬರುತ್ತಾರೆ, ಅಷ್ಟೆ. ಪಾಯ್ ಊಟದ ತಟ್ಟೆಯಲ್ಲಿ ಮೀನು ಕೆದಕಿ ಬೆಕ್ಕಿಗೆ ಹಾಕುವುದು, ಕರಿ ಬಟ್ಟೆಯ ಸುರುಳಿಯ ನಡುವಿನ ರಟ್ಟಿನ ಕೊಳವೆಯಲ್ಲಿ ಚಪ್ಪಟೆ ಬಾಟಲಿ ಇರುವುದು, ಸಂತೆಗೆ ಹೋದರೆ ಎರಡು ಗಂಟೆಯಾಗುತ್ತಲೇ ಬೆವೆತು ಮನೆಗೆ ಹೋಗೋಣ ಎಂದು ಅವಸರಪಡುವುದು. ಇವೆಲ್ಲ ಇದ್ದದ್ದೇ. ನಾನು ಇದನ್ನು ಆಕೈಯ ಕಿವಿಗೆ ಹಾಕಿದೆ. ಅವಳು ನನ್ನ ಬಾಯಿಗೇ ಹೊಡೆದಳು. "ತಪಸ್ಸಿನ ಕಾಲದಲ್ಲಿ ನಲವತ್ತು ದಿನ ತಾವೆರ್ನಾದ ಮೆಟ್ಟಿಲು ಹತ್ತದವನು ಅವನು! ಬೆಬ್ದೊ ಆದವನಿಗೆ ಅದು ಆಗತ್ತಾ? ಹೆತ್ತಪ್ಪನ ಬಗ್ಗೆ ಹೀಗೆ ಮಾತಾಡೋ ನಾಲಿಗೆಗೆ ಹುಳ ಬೀಳ." ನೀನೂ ಕಳೆದ ಮೂರು ಪತ್ರಗಳಲ್ಲಿ ಅದನ್ನೇ ಬರೆದಿದ್ದೀಯ, ಮಾಂಯ್. ನಲವತ್ತು ದಿನ ಬಿಡಬಲ್ಲವನಿಗೆ ಏನೂ ಆಗಿಲ್ಲ ಅಂತ. ವಾಡೆಯಲ್ಲಿ ಯಾರನ್ನು ಕೇಳಿದರೂ ಅದೇ ಸರ್ಟಿಫಿಕೇಟು.

ಆದರೆ ಹಲ್ಲಿನ ಔಷಧ? ಅದನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಪ್ರತಿ ವರ್ಷ ಬೂದಿ ಬುಧವಾರದ ದಿನ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ಕೂಡಲೇ ಪಾಯ್ ಅವರ ಎಡದವಡೆಯ ಹಲ್ಲು ನೋಯತೊಡಗುತ್ತದೆ. ಈಸ್ಟರ್ ದಿನ ಗಂಟೆ ಬಾರಿಸಿದಾಗ ನೋವು ಹೋಗುತ್ತದೆ. ಇಷ್ಟು ಭಕ್ತಿಯ ಹಲ್ಲು ರೋಮಿನಲ್ಲೂ ಇರಲಿಕ್ಕಿಲ್ಲ. ಆ ನೋವಿಗೆ ಆಕೈ ಬೆತ್ತ ಸುತ್ತಿದ ದೊಡ್ಡ ಗಾಜಿನ ಭರಣಿಯಿಂದ ಗೇರು ಫೆನಿ ತೆಗೆದು ಹಸಿರು ಬಾಟಲಿಗೆ ತುಂಬಿ ಕೊಡುತ್ತಾಳೆ. ಹತ್ತಿಯಲ್ಲಿ ಅದ್ದಿ ಹಲ್ಲಿಗಿಡಲು. ಶೀತಕ್ಕೆ ಫೆನಿ, ಮಗುವಿನ ಹೊಟ್ಟೆಯುಬ್ಬರಕ್ಕೆ ಹೊಕ್ಕುಳಿಗೆ ಫೆನಿ, ಸೊಂಟಕ್ಕೆ ಫೆನಿ. ಔಷಧಕ್ಕೆ ಯಾವ ವ್ರತವೂ ಅಡ್ಡಬರುವುದಿಲ್ಲ. ಎರಡು ದಿನಕ್ಕೊಂದು ಬಾಟಲಿ ಹಲ್ಲಿಗೆ ಬೇಕಾಗುತ್ತದೆ ಎಂದರೆ ಅದು ಆನೆಯ ಹಲ್ಲಿರಬೇಕು ಎಂದು ಯಾರೂ ಅನ್ನಲಿಲ್ಲ.

ಈಗ ನಾನು ಮಾಡಿದ ಕೆಲಸ. ಇದನ್ನು ಗಂಭೀರವಾಗಿ ಬರೆಯಲು ಮೂರು ಹಾಳೆ ಹರಿದುಹಾಕಿದ್ದೇನೆ. ಬೂದಿ ಬುಧವಾರದ ಹಿಂದಿನ ದಿನ, ಎಲ್ಲರೂ ಬಣ್ಣ ಎರಚಿಕೊಂಡು ಇಂತ್ರೂಸ್ ಹಬ್ಬ ಆಡುತ್ತಿದ್ದಾಗ, ನಾನು ಭರಣಿಯ ಫೆನಿಯನ್ನೆಲ್ಲ ಹಿತ್ತಲಿನ ತೆಂಗಿನ ಬುಡಕ್ಕೆ ಸುರಿದು ಜೀರಿಗೆ ಕುದಿಸಿದ ನೀರು ತುಂಬಿಸಿಟ್ಟೆ. ಬಟ್ಟೆ ಸುರುಳಿಯ ಬಾಟಲಿಗೂ, ಬಾವಿಯ ಹಿಂದೆ ಸಿಕ್ಕಿದ್ದಕ್ಕೂ ಅದೇ ಪ್ರಸಾದ. ಅರ್ಧ ತಮಾಷೆಗೆ, ಅರ್ಧ ಸಿಟ್ಟಿಗೆ. ನಲವತ್ತು ದಿನ ಬಿಡಬಲ್ಲವರಲ್ಲವೇ, ನಿಜವಾಗಿಯೂ ಬಿಡಲಿ, ನೋಡೇಬಿಡೋಣ ಎಂದು. ಬುಧವಾರ ಬೆಳಿಗ್ಗೆ ಪಾಯ್ ಬೂದಿ ಹಚ್ಚಿಸಿಕೊಂಡು ಬಂದು, ದವಡೆ ಹಿಡಿದುಕೊಂಡು, ಹಸಿರು ಬಾಟಲಿ ಎತ್ತಿ ಒಂದು ಗುಟುಕು ಕುಡಿದರು. ನಿಂತರು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬಿರಡೆ ಹಾಕಿ ಕಪಾಟಿನಲ್ಲಿಟ್ಟು ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತರು. ಬೈಯಲಿಲ್ಲ. ಬೈದಿದ್ದರೆ, ಹಲ್ಲಿಗೆ ಹಚ್ಚುವ ಔಷಧದ ರುಚಿ ಇವರಿಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳಬಹುದಿತ್ತು. ತಾವೆರ್ನಾಕ್ಕೆ ಹೋಗುವಂತಿಲ್ಲ, ಇಡೀ ಊರು ಅವರ ಉಪವಾಸ ನೋಡುತ್ತಿರುತ್ತದೆ. ನಾನು ಒಳಗೊಳಗೇ ಗೆದ್ದೆ ಅಂದುಕೊಂಡೆ. ದೇವರಾಣೆ, ಆ ಹೊತ್ತಿಗೆ ನನಗೆ ಬಹಳ ಖುಷಿಯಾಗಿತ್ತು.

ಗುರುವಾರ ಅವರು ಏನೂ ತಿನ್ನಲಿಲ್ಲ, ಚಹಾ ಲೋಟ ಎರಡೂ ಕೈಯಲ್ಲಿ ಹಿಡಿದರೂ ಅಂಗಿಯ ಮೇಲೆ ಚೆಲ್ಲಿತು. ಶುಕ್ರವಾರ ಬನಿಯನ್ ಹಿಂಡುವಷ್ಟು ಬೆವರು, ಯಾರಾದರೂ ಬಾಗಿಲು ಹಾಕಿದರೆ ಬೆಚ್ಚಿಬೀಳುವುದು. ಸಂಜೆ ಮದುಮಗನ ಸೂಟಿನ ಮೇಲೆ ಬಾಗಿ ಕೂತು ಬಟ್ಟೆಯಿಂದ ದಾರದ ತುಂಡುಗಳನ್ನು ಹೆಕ್ಕತೊಡಗಿದರು. ಒಂದೊಂದನ್ನೇ ಹೆಕ್ಕಿ ನನ್ನ ಅಂಗೈಯಲ್ಲಿ ಇಡುತ್ತಿದ್ದರು. "ಹಿಡ್ಕೋ, ಬಿಳಿ ದಾರ ಕರಿ ಬಟ್ಟೆಗೆ ಅಂಟಿದ್ರೆ ಮಾನ ಹೋಗುತ್ತೆ. ಇನ್ನೂ ಇದೆ, ಇಲ್ನೋಡು, ಇಲ್ಲಿ." ನನ್ನ ಅಂಗೈಯಲ್ಲಿ ಏನೂ ಇರಲಿಲ್ಲ, ಮಾಂಯ್. ಬಟ್ಟೆಯ ಮೇಲೂ ಏನೂ ಇರಲಿಲ್ಲ. ಆಕೈ ಇದು ದೃಷ್ಟಿಯೇ ಎಂದಳು. ಆ ಸೂಟನ್ನು ಮುಟ್ಟಿ ಮುಟ್ಟಿ ನೋಡಿ ಹೊಗಳಿದ ಬಡಗಿಯ ಹೆಂಡತಿಯದೇ ಕಣ್ಣು ಎಂದು ತೀರ್ಮಾನಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. "ನೋಡು, ಘಾಟೇ ಬರ್ಲಿಲ್ಲ, ಎಷ್ಟು ದೊಡ್ಡ ಕಣ್ಣು ಬಿದ್ದಿದೆ!" ಘಾಟು ಬಂದಿತ್ತು. ನಾನು ಕೆಮ್ಮುತ್ತಿದ್ದೆ. ನೀರಿನ ವಿಷಯ ಹೇಳಬೇಕೆಂದು ಬಾಯಿ ತೆರೆದೆ, ಹೇಳಲಿಲ್ಲ. ಹೇಳಿದರೆ ನನ್ನ ಪರೀಕ್ಷೆ ಮುಗಿದುಹೋಗುತ್ತಿತ್ತು.

ಶನಿವಾರ ಬೆಳಿಗ್ಗೆ ಎಂಟೂವರೆಗೆ ಪಾಯ್ ಯಂತ್ರದ ಮುಂದಿನಿಂದ ಎದ್ದರು, ಒಂದು ಸದ್ದು ಮಾಡಿದರು, ಕಟ್ಟಿಗೆಯ ಹಾಗೆ ನೆಟ್ಟಗಾಗಿ ನೆಲಕ್ಕೆ ಬಿದ್ದು ಕೈಕಾಲು ಬಡಿಯತೊಡಗಿದರು. ನಾನು ಚಪ್ಪಾಳೆ ತಟ್ಟಿದೆ. ಇದನ್ನು ನಾನು ಪಾಪನಿವೇದನೆಯಲ್ಲೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ನೀರು ತುಂಬಿಸಿದ್ದಕ್ಕೆ ಸೇಡಿಗೆ ನಾಟಕ ಮಾಡುತ್ತಿದ್ದಾರೆ ಅಂದುಕೊಂಡೆ. ನಾನು ಅವರ ಮಗನಲ್ಲವೇ, ಈ ಕಲೆ ಎಲ್ಲಿಂದ ಬಂದಿರಬೇಕು? "ಶಭಾಷ್ ಪಾಯ್, ಇನ್ನೂ ಸ್ವಲ್ಪ ನಾಲಿಗೆ ಹೊರಗೆ ಹಾಕಿ," ಎಂದೆ. ಆಗ ಬಾಯಿಯ ಮೂಲೆಯಲ್ಲಿ ರಕ್ತ ಬಂತು. ಆಕೈ ಓಡಿಬಂದು, ಇದ್ದಬದ್ದ ದೇವರನ್ನೆಲ್ಲ ಕರೆದು, ಔಷಧ ಹಾಕೋಣ ಎಂದು ಭರಣಿ ಬಗ್ಗಿಸಿದಳು. ಮೂಸಿದಳು. ಅವಳು ಆಗ ನನ್ನನ್ನು ನೋಡಿದ ನೋಟ ನನಗೆ ಮರೆಯುವುದಿಲ್ಲ. ಬಹ್ರೇನಿನಿಂದ ರಜೆಗೆ ಬಂದಿರುವ ಅವೆಲಿನ್‌ನ ವ್ಯಾನಿನಲ್ಲಿ ಹಾಕಿಕೊಂಡು ಮಡಗಾಂವಿಗೆ ಹೋದೆವು. ದಾರಿಯಲ್ಲಿ ಮತ್ತೊಮ್ಮೆ ಸೆಳವು ಬಂತು.

ಆಸ್ಪತ್ರೆಯಲ್ಲಿ ಐದನೇ ದಿನ, ಪಾಯ್ ಅವರಿಗೆ ಸರಿಯಾಗಿ ಎಚ್ಚರ ಬಂದ ಮೇಲೆ, ಡಾಕ್ಟರ್ ಲವಂದೆ ಕುರ್ಚಿ ಎಳೆದುಕೊಂಡು ಕೂತರು. ಸಣ್ಣ ಮನುಷ್ಯ, ಅವಸರವೇ ಇಲ್ಲ. ಎಷ್ಟು ಕುಡೀತೀರಿ ಎಂದು ಕೇಳಿದರು. "ಹಬ್ಬಕ್ಕೆ ಮಾತ್ರ," ಎಂದರು ಪಾಯ್. "ವರ್ಷಕ್ಕೆ ಎಷ್ಟು ಹಬ್ಬ?" ಪಾಯ್ ಯೋಚಿಸಿ, "ನಮ್ಮಲ್ಲಿ ಸಂತರು ಜಾಸ್ತಿ, ಡಾಕ್ಟ್ರೇ," ಎಂದರು. ಪಕ್ಕದ ಮಂಚದವನೂ ನಕ್ಕ. ಆಕೈ ಮುಂದೆ ಬಂದು, ಹಲ್ಲು ನೋವಿಗೆ ಸ್ವಲ್ಪ ಹಚ್ಚಿಕೊಳ್ಳುತ್ತಾನೆ, ಕುಡಿಯುವುದಲ್ಲ ಎಂದು ವಾದಿಸಿದಳು. ಯಾವ ಹಲ್ಲು ಎಂದರು ಡಾಕ್ಟರು. ಎಡದವಡೆಯದು. ಬಾಯಿ ತೆರೆಸಿ ಟಾರ್ಚು ಬಿಟ್ಟರು. ಬಹಳ ಹೊತ್ತು ನೋಡಿದರು. "ಅಲ್ಲಿ ಹಲ್ಲೇ ಇಲ್ವಲ್ಲಮ್ಮ." ಮಾಂಯ್, ಆ ಹಲ್ಲು ಕೀಳಿಸಿದ್ದು ನನಗೆ ಎಂಟು ವರ್ಷವಾಗಿದ್ದಾಗ. ಕೀಳಿಸಲು ಕರೆದುಕೊಂಡು ಹೋದವಳು ನೀನು. ನನ್ನನ್ನೂ ಸೊಂಟಕ್ಕೆ ಅಂಟಿಸಿಕೊಂಡು ಹೋಗಿದ್ದೆ, ಹೊರಗೆ ಬಂದಮೇಲೆ ನನಗೆ ಐಸ್‌ಕ್ಯಾಂಡಿ ಕೊಡಿಸಿದೆ. ನನಗೂ ನೆನಪಿತ್ತು. ಆಕೈಗೂ ನೆನಪಿತ್ತು.

ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು. "ಕುಡಿದಾಗ ಹೇಗಿರ್ತಾರೆ ಅಂತ ಎಲ್ರೂ ಹೇಳ್ತಾರೆ, ಅದು ಬೇಡ. ಕುಡಿಯದೆ ಇದ್ದಾಗ ಹೇಗಿರ್ತಾರೆ, ಅದು ಹೇಳಪ್ಪ." ನಾನು ಸೂಜಿ, ಬಾವಿ, ಲವಂಗ, ಬಟ್ಟೆ ಸುರುಳಿ, ಎರಡು ದಿನಕ್ಕೊಂದು ಬಾಟಲಿ, ಎಲ್ಲ ಹೇಳಿದೆ. ಪಾಯ್ ಚಾವಣಿ ನೋಡುತ್ತಿದ್ದರು. ಹೇಳಿ ಮುಗಿಸುವಾಗ ಅವರ ಕಿವಿಯ ತನಕ ನೀರು ಇಳಿದಿತ್ತು. "ನಾನು ಪಿಂತ್ ಅಲ್ಲ," ಎಂದರು, ಮೆಲ್ಲಗೆ. "ನಾನು ಯಾವತ್ತೂ ಬಿದ್ದಿಲ್ಲ, ಡಾಕ್ಟ್ರೇ. ಒಂದು ದಿನಾನೂ ಬಿದ್ದಿಲ್ಲ." ಅದಕ್ಕೆ ಡಾಕ್ಟರು, "ಬೀಳದೆ ಇರೋಕೇ ನೀವು ಕುಡೀತಿದ್ರಿ. ಇದು ಚಟ ಅಲ್ಲ ಈಗ, ಕಾಯಿಲೆ. ಕಾಯಿಲೆಯವರನ್ನ ಬೈಯೋದಿಲ್ಲ ನಾನು," ಎಂದರು. ಬೈಯುವುದನ್ನೆಲ್ಲ ನನಗಾಗಿ ಉಳಿಸಿಕೊಂಡಿದ್ದರು. ಹೊರಗೆ ಕರೆದು, ನೀರು ತುಂಬಿಸಿದವನು ಯಾರು ಎಂದು ಕೇಳಿದರು. ನಾನು ಎಂದೆ. ಇಷ್ಟು ವರ್ಷ ದಿನಾ ಕುಡಿದ ದೇಹಕ್ಕೆ ಒಂದೇ ದಿನದಲ್ಲಿ ನಿಲ್ಲಿಸಿದರೆ ಹೀಗೆ ಸೆಳವು ಬಂದು, ಇಲ್ಲದ್ದೆಲ್ಲ ಕಂಡು, ಜೀವವೇ ಹೋಗಬಹುದಂತೆ. ಬಿಡಿಸಬೇಕಾದದ್ದು ನಿಜ, ಆದರೆ ಡಾಕ್ಟರ ಕಣ್ಣೆದುರು, ಮದ್ದು ಕೊಟ್ಟು ಬಿಡಿಸಬೇಕಂತೆ. ಮನೆಯಲ್ಲಿ ಬಾಟಲಿ ಬಚ್ಚಿಟ್ಟು ಅಲ್ಲವಂತೆ. "ಒಳ್ಳೇದು ಮಾಡೋಕೆ ಹೋಗಿ ಅಪ್ಪನ ತಿಥಿ ಮಾಡ್ತಿದ್ದೆ ನೀನು." ನಾನು ತಲೆಯಾಡಿಸಿದೆ.

ಮಂಗಳವಾರ ಮನೆಗೆ ಕರೆತಂದೆವು. ಅವರಿಗೆ ಈಗ ಹಸಿವಾಗುತ್ತದೆ, ಅದೊಂದು ಹೊಸದು. ನಡುಕ ಬಹಳ ಕಡಿಮೆ. ಆದರೆ ಡಾಕ್ಟರು ಹೇಳಿದ್ದು, ಈಗ ಆಗಿರುವುದು ದೇಹದ ನಡುಕ ನಿಲ್ಲಿಸಿದ್ದು ಮಾತ್ರ. ಬಾಂಬೋಲಿಯ ದೊಡ್ಡಾಸ್ಪತ್ರೆಯ ಕುಡಿತ ಬಿಡಿಸುವ ವಾರ್ಡಿನಲ್ಲಿ ಒಂದು ತಿಂಗಳು ಇದ್ದು ಬಂದರೆ ಮಾತ್ರ ಉಳಿಯುವ ಭರವಸೆ, ಇಲ್ಲದಿದ್ದರೆ ಈಸ್ಟರ್ ಗಂಟೆಯ ಜೊತೆಗೇ ಎಲ್ಲ ಮತ್ತೆ ಶುರು, ಮತ್ತು ಇನ್ನೊಂದು ಸಲ ಬಿದ್ದರೆ ಏಳುವುದು ಕಷ್ಟ. ಆ ಮಾತು ಎತ್ತಿದರೆ ಪಾಯ್ ಗೋಡೆ ನೋಡುತ್ತಾರೆ. ಮಂಚದ ಮಗ್ಗುಲಲ್ಲಿ ನೋಡಲು ಬರುವವರ ಸಾಲು. ನಿನ್ನೆ ಒಬ್ಬರು ಪ್ರೀತಿಯಿಂದ ಸೀಶೆಯೊಂದನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು: "ಒಂದು ಗುಟುಕು ಹಾಕು ಬೊನಿಫಾಸ್, ಮೈಯಲ್ಲಿ ರಕ್ತ ಊರುತ್ತೆ." ಪಾಯ್ ಅವರ ಕಣ್ಣು ಆ ಟವೆಲಿನ ಮೇಲಿಂದ ಏಳಲೇ ಇಲ್ಲ. ಸೀಶೆಯನ್ನು ಎತ್ತಿಕೊಂಡು ಹೋಗಿ ಅವರ ಕೈಗೇ ವಾಪಸ್ಸು ತುರುಕಿದವಳು ಯಾರು ಗೊತ್ತೇ? ಆಕೈ. "ಅವನಿಗೆ ಹಲ್ಲಿಲ್ಲ," ಎಂದಳು, ಅಷ್ಟೆ. ಅವರಿಗೆ ಅರ್ಥವಾಗಲಿಲ್ಲ. ಒಳಗೆ ಬಂದು ಒಲೆಯ ಮುಂದೆ ಕೂತು ಬಹಳ ಅತ್ತಳು, ಭರಣಿ ತುಂಬಿಸಿ ತುಂಬಿಸಿ ಕೊಟ್ಟ ಕೈ ತನ್ನದೇ ಎಂದು.

ನಾನೂ ಯೋಚಿಸುತ್ತಿದ್ದೇನೆ. ನೀನು ಬರುವಾಗಲೆಲ್ಲ ವಿಮಾನ ನಿಲ್ದಾಣದಿಂದ ಅವರಿಗೊಂದು ದೊಡ್ಡ ಬಾಟಲಿ ತರುತ್ತೀಯಲ್ಲ, ನೈಟಿಯಲ್ಲಿ ಸುತ್ತಿ. ಗಂಡ ಊರಿನವರೆದುರು ತೆರೆದು ಎಲ್ಲರಿಗೂ ಸುರಿದು ಮೆರೆಯಲಿ ಎಂಬ ಆಸೆ ನಿನಗೆ. ನಿನ್ನನ್ನು ದೂರುತ್ತಿಲ್ಲ. ದೂರಲು ಹೊರಟರೆ ಆಯೋಗವು ತನ್ನ ಮನೆಯಲ್ಲಿ ಯಾರನ್ನೂ ಬಿಡುವಂತಿಲ್ಲ. ಇನ್ನು ಬೇಡ ಎನ್ನುತ್ತಿದ್ದೇನೆ, ಅಷ್ಟೆ.

ಅಲ್ಲಿಗೆ ವಾಪಸ್ಸು ಹೊರಟಿರುವ ಅವೆಲಿನ್ ಕೈಯಲ್ಲಿ ಎರಡು ಸರ ಹಂದಿಮಾಂಸದ ಚೊರಿಸ್ ಮತ್ತು ಆಕೈಯ ಮಾವಿನಮಿಡಿ ಉಪ್ಪಿನಕಾಯಿ ಕಳಿಸಿದ್ದೇನೆ. ಚೊರಿಸ್ ಈಸ್ಟರ್ ತನಕ ಮುಟ್ಟಬೇಡ. ಮುಟ್ಟಿದರೆ ಹಲ್ಲು ನೋವು ಎಂದು ಮಾತ್ರ ಹೇಳಬೇಡ. ಮೊಣಕಾಲು ನೋಡಿಕೋ. ಮಹಡಿ ಹತ್ತುವಾಗ ಒಂದೊಂದೇ ಮೆಟ್ಟಿಲು. ಆಕೈ ನಿನ್ನನ್ನು ಕೇಳಿದ್ದಾಳೆ, ಬೆಕ್ಕು ಸ್ವಲ್ಪ ಸೊರಗಿದೆ, ಈಗ ಅದರ ಪಾಲಿನ ಮೀನು ಪಾಯ್ ತಿನ್ನುತ್ತಾರೆ. ಕೈ ಮುಗಿದು ನಿನ್ನ ಬೆಸಾಂವ್ ಬೇಡುತ್ತೇನೆ, ಅಲ್ಲಿಂದಲೇ ತಲೆಯ ಮೇಲೆ ಕೈಯಿಡು. ಈ ಸಲ ಅದು ನಿಜಕ್ಕೂ ಬೇಕು.

ನಿನ್ನ ಮಗ, ಆಯೋಗದ ಅಧ್ಯಕ್ಷ, ಆರೋಪಿ ನಂಬರ್ ಒಂದು,
ಸೆವೆರಿನ್

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ, ಅವೆಲಿನ್ ಗೇಟಿನಲ್ಲಿ ಹಾರ್ನು ಒತ್ತುತ್ತಿದ್ದಾನೆ. ಪಾಯ್ ಸೋಮವಾರ ಬಾಂಬೋಲಿಗೆ ಹೋಗುತ್ತಾರೆ. ಲಕೋಟೆ ಅಂಟಿಸಿದ ಮೇಲೆ ಒಪ್ಪಿದರು, ಒಂದೇ ಷರತ್ತಿಗೆ: ನಿನಗೆ ತಿಳಿಯಬಾರದು. ಶಿಲುಬೆ ಮುಟ್ಟಿಸಿ ನನ್ನಿಂದ ಆಣೆ ಹಾಕಿಸಿಕೊಂಡರು. ನಾನು ಮೊದಲೇ ಬರೆದಿಟ್ಟಿದ್ದೆ, ಹರಿಯಲಿಲ್ಲ, ಆಣೆ ಮುರಿದಿದ್ದೇನೆ. ನಿನ್ನ ಉತ್ತರ ಬರುವ ಹೊತ್ತಿಗೆ ಅವರು ವಾರ್ಡಿನಲ್ಲಿರುತ್ತಾರೆ, ವಿಳಾಸ ಹಾಳೆಯ ಹಿಂದಿದೆ. ನನಗೆ ಬರೆಯಬೇಡ, ಅವರಿಗೆ ಬರೆ. ನಿನಗೆ ಗೊತ್ತು ಎಂದು ಬರೆ, ಮೊದಲಿನಿಂದಲೂ ಗೊತ್ತಿತ್ತು ಎಂದೂ ಬರೆ, ಆದರೂ ನೀನು ಅವರ ಹೆಂಡತಿಯೇ ಎಂದು ಬರೆ. ನನ್ನ ಮೇಲೆ ಸಿಟ್ಟಾದರೆ ಆಗಲಿ. ಅವೆಲಿನ್ ಒಳಗೆ ಬಂದ, ಪಾಯ್ ಅವನ ಕೈ ಹಿಡಿದುಕೊಂಡು ಹೇಳುತ್ತಿರುವುದು ನನಗೆ ಕೇಳಿಸುತ್ತಿದೆ: "ಕಾಲು ಜಾರಿ ಬಿದ್ದೆ ಅಂತ ಹೇಳು ಅವಳಿಗೆ. ಬರೀ ಕಾಲು ಜಾರಿತು ಅಂತ." ಅವನು ಹಾಗೇ ಹೇಳುತ್ತಾನೆ. ನಂಬಬೇಡ, ಮಾಂಯ್.